ತುಮಕೂರಿಗೆ ಸಿಕ್ಕ ಒಂದೇ ಒಂದು ಪ್ರಶ್ನೆ

ಆ ಆನ್‌ಲೈನ್ ಸಮ್ಮೇಳನದ ವಿಷಯ ಎತ್ತಿದರೆ ನಮ್ಮ ಕಾಲೇಜಿನಲ್ಲಿ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಸಾಂಕ್ರಾಮಿಕ ರೋಗಗಳ ಸಂಶೋಧನೆಯ ಬಗ್ಗೆ ಮಾತಾಡಲು ದೇಶದ ಅಲ್ಲಲ್ಲಿಂದ ದೊಡ್ಡ ದೊಡ್ಡವರು ಪರದೆಯ ಮೇಲೆ ಸೇರಿದರು. ಅವರ ಸಾಲಿನಲ್ಲಿ ತುಮಕೂರಿನ ನಮ್ಮಂಥ ಸಾಧಾರಣ ಕಾಲೇಜೂ ಕೂತಿತ್ತು. ಇಡೀ ಮಧ್ಯಾಹ್ನ ಕರೆಂಟು ಹೋಗಲಿಲ್ಲ. ನಾವು ಮಾಡಿದ ಸರ್ವೆಯನ್ನು ಹೆಸರೆತ್ತಿ ಹೊಗಳಿದರು. ಕೊನೆಗೆ ತುಮಕೂರು ಕೇಂದ್ರದಿಂದಲೂ ಒಂದು ಪ್ರಶ್ನೆ ಹೋಯಿತು. ಕಥೆ ಮುಗಿಯಿತು, ಚಪ್ಪಾಳೆ.

ನಾನು ಅಲ್ಲೇ ಇದ್ದೆ. ಕರೆಂಟು ಹೋಗಲಿಲ್ಲ ಅನ್ನುವುದು ನಿಜ. ಹೊಗಳಿದ್ದೂ ನಿಜ. ಪ್ರಶ್ನೆ ಹೋಯಿತು ಅನ್ನುವಲ್ಲಿ ಮಾತ್ರ ನನ್ನದೊಂದು ತಕರಾರಿದೆ. ಡಿಗ್ರಿ ಓದುವಾಗ ಚರ್ಚಾಸ್ಪರ್ಧೆಗಳಿಗೆ ಊರೂರು ತಿರುಗಿ ರೋಲಿಂಗ್ ಶೀಲ್ಡ್ ಹೊತ್ತು ತಂದವಳು ನಾನು. ಎದುರಾಳಿ ಹೇಳಿದ್ದರಲ್ಲಿ ಸುಳ್ಳು ಹುಡುಕುತ್ತಾ ಕೂರಬೇಡ, ಅವನು ಯಾವುದನ್ನು ಹೇಳದೆ ದಾಟಿಕೊಂಡು ಹೋದ ಅಂತ ನೋಡು ಎಂದು ಅಲ್ಲಿ ಕಲಿಸಿದ್ದರು. ಈ ಕಥೆ ಹೇಳುವವರು ದಾಟಿಕೊಂಡು ಹೋಗುವುದು ನನ್ನ ದೊಡ್ಡಮ್ಮನನ್ನು.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಕೆರೆ ದಾಟಿ ಹೋದರೆ ಸಿಗುವ ಒಂದು ಹಳ್ಳಿಯ ಅಂಗನವಾಡಿ ಟೀಚರು. ತೊಂಬತ್ತರ ದಶಕದಲ್ಲಿ ನಾನು ಚಿಕ್ಕವಳಿದ್ದಾಗ ರಜೆಗೆ ಅಲ್ಲಿಗೆ ಹೋದರೆ ನನ್ನನ್ನೂ ಆ ಅಂಗನವಾಡಿಯಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಮೇಲಿನಿಂದ ಸೂಪರ್‌ವೈಸರ್ ಬರುತ್ತಾರೆ ಅಂತ ಸುದ್ದಿ ಬಂದ ದಿನ ಅಲ್ಲಿ ಮದುವೆಮನೆಯ ಗಡಿಬಿಡಿ. ಮಕ್ಕಳ ಮೂಗು ಒರೆಸು, ತಲೆಗೆ ಎಣ್ಣೆ ಹಚ್ಚು, ತೂಕದ ತಕ್ಕಡಿಯ ಧೂಳು ಝಾಡಿಸು, ಬಾಗಿಲಿಗೆ ರಂಗೋಲಿ ಬಿಡು. ಬಂದವರು ನೋಡಿ, ಕಾಫಿ ಕುಡಿದು, ‘ಚೆನ್ನಾಗಿ ಇಟ್ಕೊಂಡಿದೀರಮ್ಮ’ ಅಂತ ಹೇಳಿ ಹೋಗುತ್ತಿದ್ದರು. ಆ ಒಂದು ಮಾತಿನ ಮೇಲೆ ದೊಡ್ಡಮ್ಮ ಆರು ತಿಂಗಳು ಬದುಕುತ್ತಿದ್ದಳು. ತನಿಖೆ ಅಂದರೆ ಅವಳಿಗೆ ಇದ್ದದ್ದನ್ನು ತೋರಿಸುವುದಲ್ಲ. ಬಂದವರ ಕಣ್ಣಿಗೆ ಊರು ಅವಮಾನ ಆಗದ ಹಾಗೆ ನೋಡಿಕೊಳ್ಳುವುದು.

ನಮ್ಮ ಕಡೆ ಚಿಕುನ್‌ಗುನ್ಯಾ ಬಂದ ವರ್ಷ ನಾನು ತುಮಕೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿದ್ದೆ. ಜ್ವರ ಬಂದು ಹೋದ ಮೇಲೂ ಕೀಲು ಹಿಡಿದುಕೊಂಡು, ಗಂಡಸರು ಹೆಂಗಸರು ಅನ್ನದೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ಕಾಲ. ದೊಡ್ಡಮ್ಮನ ಊರಲ್ಲಿ ಮನೆಗಿಬ್ಬರು ಮೂವರು ಮಲಗಿದ್ದರು. ಅಂಗನವಾಡಿಗೆ ಮಕ್ಕಳನ್ನು ಕರೆತರಲು ತಾಯಂದಿರು ಎದ್ದರೆ ತಾನೇ? ದೊಡ್ಡಮ್ಮ ಮೇಲಿನವರಿಗೆ ಹೇಳಿ ಕಳಿಸಿದಳು, ಫೋನು ಮಾಡಿಸಿದಳು, ಆಮೇಲೆ ಲಿಖಿತವಾಗಿಯೇ ಕೊಟ್ಟಳು: ಊರಿಗೂರೇ ಮಲಗಿದೆ, ಡಾಕ್ಟರನ್ನು ಕಳಿಸಿ, ಹೊಗೆ ಹಾಕುವ ಮಿಷಿನ್ನು ಕಳಿಸಿ. ಕೊಟ್ಟ ಮೇಲೆ ಅವಳೂ ಮಲಗಿದಳು. ಬಲಗೈಯ ಬೆರಳುಗಳು ಊದಿ ಬಾಳೆಹಣ್ಣಿನ ಚಿಪ್ಪಿನ ಹಾಗೆ ಆಗಿದ್ದವು.

ಅದೇ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರು ಒಂದು ಸರ್ವೆ ಹಿಡಿದರು. ಅವರನ್ನು ಇಲ್ಲಿ ಸಾರ್ ಅಂತಲೇ ಕರೆಯುತ್ತೇನೆ, ಹಾಗೇ ಕರೆದು ರೂಢಿ. ಕೆಟ್ಟವರಲ್ಲ. ಕುಣಿಗಲ್ ಕಡೆಯ ರಾಗಿ ಬೆಳೆಯುವ ಮನೆಯಿಂದ ಬಂದವರು, ತಮ್ಮ ಪುಸ್ತಕಗಳನ್ನು ನಮಗೆ ಕೊಟ್ಟು ವಾಪಸ್ ಕೇಳುವುದನ್ನು ಮರೆಯುತ್ತಿದ್ದವರು. ‘ಬೆಂಗಳೂರಿನೋರು ನಮ್ಮೂರಿನ ಸೊಳ್ಳೆ ಹಿಡಿದು ಪೇಪರ್ ಬರೀತಾರೆ, ನಾವು ಇಲ್ಲೇ ಕೂತು ಆ ಸೊಳ್ಳೆ ಕೈಲಿ ಕಚ್ಚಿಸ್ಕೋತೀವಿ’ ಅಂತ ಕ್ಲಾಸಿನಲ್ಲಿ ಹೇಳಿ ನಗಿಸುತ್ತಿದ್ದರು. ಸರ್ವೆಯ ಉದ್ದೇಶ ಸರಳ. ಈ ರೋಗ ಹರಡುವ ಸೊಳ್ಳೆ ಮನೆಯಲ್ಲಿ ಹಿಡಿದಿಟ್ಟ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಊರೂರಿಗೆ ಹೋಗಿ ಡ್ರಮ್ಮು, ತೊಟ್ಟಿ, ಹಂಡೆ, ಹಿತ್ತಲಲ್ಲಿ ಬಿದ್ದ ತೆಂಗಿನ ಕರಟ ಎಲ್ಲದರಲ್ಲೂ ಟಾರ್ಚು ಬಿಟ್ಟು ಸೊಳ್ಳೆಮರಿ ಇದೆಯಾ ಅಂತ ನೋಡುವುದು. ಒಂದು ತಂಡ ಗುಬ್ಬಿ ಕಡೆಗೆ, ಇನ್ನೊಂದು ಕುಣಿಗಲ್ ಕಡೆಗೆ.

ನಾನು ಗುಬ್ಬಿ ತಂಡ ಕೇಳಿದೆ. ಸಾರ್ ಒಪ್ಪಲಿಲ್ಲ.

‘ನಿಮ್ಮ ದೊಡ್ಡಮ್ಮನ ಊರಮ್ಮ ಅದು. ನೀನು ಹೋದ್ರೆ ಪಕ್ಷಪಾತ ಆಗುತ್ತೆ. ವಿಜ್ಞಾನದಲ್ಲಿ ನೆಂಟಸ್ತನ ಇಲ್ಲ.’

ಕುಣಿಗಲ್ ತಂಡಕ್ಕೆ ಸೇರಿದೆ.

ಎರಡೂ ಕಡೆಯ ಹಳ್ಳಿಗಳಿಗೆ ಮುಂಚಿತವಾಗಿ ತಿಳಿಸಿದ್ದರು. ಹಾಗೆ ತಿಳಿಸುವುದು ಮರ್ಯಾದೆ, ಯಾರ ಮನೆಯ ಬಚ್ಚಲಿಗೂ ಹೇಳದೆ ಕೇಳದೆ ನುಗ್ಗುವ ಹಾಗಿಲ್ಲವಲ್ಲ. ಆದರೆ ನಮ್ಮ ತಂಡ ಕುಣಿಗಲ್ ದಾಟಿದ ಮೇಲೆ ಕಂಡಕ್ಟರ್ ನಮ್ಮನ್ನು ಬೇರೆ ಊರಿನ ಗೇಟಿನಲ್ಲಿ ಇಳಿಸಿದ. ಬಿಸಿಲಿನಲ್ಲಿ ನಡೆದು ಹೋಗಿ ಸೇರಿದ ಊರು ನಮಗಾಗಿ ಕಾಯುತ್ತಿದ್ದ ಊರೇ ಆಗಿರಲಿಲ್ಲ. ಬಂದದ್ದಾಯಿತು, ಇಲ್ಲೇ ನೋಡೋಣ ಅಂತ ಮೊದಲ ಮನೆಯ ಡ್ರಮ್ಮಿನ ಮುಚ್ಚಳ ತೆಗೆದರೆ ಟಾರ್ಚಿನ ಬೆಳಕಿಗೆ ಮರಿಗಳು ಕೊಂಕಿ ಕೊಂಕಿ ಕೆಳಗಿಳಿದವು. ಪಕ್ಕದ ಮನೆಯ ಒರಳಿನಲ್ಲಿ, ಅದರಾಚೆಯ ಮನೆಯ ಕರಟದ ಗುಡ್ಡೆಯಲ್ಲಿ, ಎಲ್ಲೆಲ್ಲೂ. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

‘ಏನ್ರವ್ವಾ, ತುಮ್ಕೂರಿಂದ ಬಂದು ನಮ್ ಡ್ರಮ್ನಾಗೆ ಮೀನ್ ಹಿಡೀತಾ ಇದೀರಾ?’

‘ಸೊಳ್ಳೆಮರಿ ಹುಡುಕ್ತಾ ಇದೀವಿ ಕಣಮ್ಮ.’

‘ಅಯ್ಯೋ ಬುಡವ್ವ! ಮರೀನ್ ಯಾಕ್ ಹುಡುಕ್ತೀಯಾ, ಸಂಜೆ ಗಂಟ ಕೂತ್ಕೋ, ಅವ್ರ ಅವ್ವದೀರೇ ಬಂದು ಮಾತಾಡಿಸ್ತಾರೆ.’

ನಾವು ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು.

ಗುಬ್ಬಿಯ ತಂಡದಲ್ಲಿ ನನ್ನ ಜೊತೆ ಹಾಸ್ಟೆಲಿನ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದ ಗೆಳತಿ ಇದ್ದಳು. ವಾಪಸ್ ಬಂದವಳು ಬ್ಯಾಗು ಇಳಿಸುವ ಮುಂಚೆಯೇ ಶುರುಮಾಡಿದಳು.

‘ಏನ್ ಕ್ಲೀನಾಗಿದೆಯೇ ನಿಮ್ ದೊಡ್ಡಮ್ಮನ ಊರು! ಒಂದು ಡ್ರಮ್ಮಲ್ಲಿ ಒಂದು ಮರಿ ಇಲ್ಲ ಕಣೇ. ನಿಮ್ ದೊಡ್ಡಮ್ಮ ಕುಂಟ್ಕೊಂಡೇ ಬಂದು ನಿಪ್ಪಟ್ಟು ಕೊಟ್ರು.’

‘ಕುಂಟ್ಕೊಂಡು ಬಂದಳಾ? ಹಾಗಾದ್ರೆ ಜ್ವರ ಇದೆ. ಜ್ವರ ಇದ್ದು ಸೊಳ್ಳೆ ಇಲ್ಲ ಅಂದ್ರೆ ಏನರ್ಥ?’

‘ನನ್ನ ಕೇಳಿದ್ರೆ? ನಾನು ಡ್ರಮ್ ನೋಡೋಕೆ ಹೋದವಳು. ಡ್ರಮ್ ಚೆನ್ನಾಗಿದ್ವು.’

ಸಾರ್ ಬರೆದದ್ದೂ ಅಷ್ಟೇ: ಕುಣಿಗಲ್ ಕಡೆ ಮನೆಮನೆಯ ನೀರಿನಲ್ಲಿ ಸೊಳ್ಳೆಮರಿ ಹೇರಳ. ಗುಬ್ಬಿ ಕಡೆಯ ಆ ಹಳ್ಳಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಅಲ್ಲಿಂದ ಬಂದ ಜ್ವರದ ವರದಿಗಳು ಉತ್ಪ್ರೇಕ್ಷೆ ಇರಬಹುದು. ಇರಬಹುದು ಅನ್ನುವ ಪದ ವಿಭಾಗದಿಂದ ಹೊರಡುವಾಗ ಇತ್ತು. ಕಾಗದ ಮೇಲಿನವರ ಟೇಬಲ್ಲಿಗೆ ಹೋಗುವಷ್ಟರಲ್ಲಿ ಉದುರಿಹೋಗಿತ್ತು. ಹೊಗೆ ಮಿಷಿನ್ನು ಬೇರೆ ಊರುಗಳಿಗೆ ಹೋಯಿತು, ಡಾಕ್ಟರ ಕ್ಯಾಂಪೂ ಅಲ್ಲಿಗೇ ಹೋಯಿತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಒಂದು ಸಲಕ್ಕೆ ಸತ್ಯ ತಿಳಿಯುತ್ತಿತ್ತು. ಕಳಿಸಲಿಲ್ಲ, ಯಾಕೆಂದರೆ ಸೊಳ್ಳೆಯೇ ಇಲ್ಲದ ಊರಿನ ರಕ್ತ ಯಾರಿಗೆ ಬೇಕು? ರಕ್ತ ನೋಡದೆ ಇದ್ದುದರಿಂದ ರೋಗವೂ ಇಲ್ಲ ಅಂತಾಯಿತು. ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದ ಮಾಡಿದ್ದರೆ ತೀರ್ಪುಗಾರರು ಕೂರಿಸಿಬಿಡುತ್ತಿದ್ದರು.

ದೊಡ್ಡಮ್ಮನಿಗೆ ನೋಟಿಸು ಬಂತು. ಇಲ್ಲದ ರೋಗದ ಸುದ್ದಿ ಹಬ್ಬಿಸಿ ಜನರಲ್ಲಿ ಭಯ ಹುಟ್ಟಿಸಿದ್ದೀರಿ, ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ಕೆಲಸದಿಂದ ಬಿಡಿಸಲಾಗುವುದು ಅಂತ. ಆ ಕೆಲಸದಲ್ಲಿ ಬರುವ ಗೌರವಧನ ದೊಡ್ಡದೇನಲ್ಲ. ಆದರೆ ಆ ಊರಿನ ಅರ್ಧ ಜನ ಅವಳ ಕೈಯಲ್ಲಿ ಅಕ್ಷರ ತಿದ್ದಿದವರು. ಟೀಚರಮ್ಮ ಅನ್ನುವ ಹೆಸರು ಬಿಟ್ಟರೆ ಅವಳಿಗೆ ಊರಲ್ಲಿ ಬೇರೆ ಹೆಸರೇ ಇರಲಿಲ್ಲ.

ನಾನು ಗುಬ್ಬಿಗೆ ಹೋಗಿ, ಅಲ್ಲಿಂದ ಪ್ರೈವೇಟ್ ಬಸ್ಸು ಹಿಡಿದು ಊರಿಗೆ ಹೋದೆ. ಜಗುಲಿಯ ಮೇಲೆ ಕೂತು ಎಡಗೈಯಿಂದ ಬಲಗೈಯ ಬೆರಳು ನೀವಿಕೊಳ್ಳುತ್ತಿದ್ದಳು. ಹಿತ್ತಲಿಗೆ ಹೋಗಿ ನೋಡಿದೆ. ಬಚ್ಚಲ ಡ್ರಮ್ಮಿನಲ್ಲಿ ಮರಿಗಳು ಕುಣಿಯುತ್ತಿದ್ದವು. ದನ ಕುಡಿಯುವ ಬಾನಿಯ ಪಕ್ಕ ಬಿದ್ದ ಕರಟಗಳಲ್ಲೂ.

‘ದೊಡ್ಡಮ್ಮಾ, ಇದೇನಿದು? ಅವತ್ತು ಏನೂ ಇರಲಿಲ್ಲ ಅಂದ್ರಲ್ಲ?’

‘ಅವತ್ತು ಹೆಂಗ್ ಇರ್ತದೆ? ಅವತ್ತು ಕಾಲೇಜೋರು ಬರ್ತಾರೆ ಅಂತ ಗೊತ್ತಿತ್ತಲ್ಲ.’ ಅವಳ ಮುಖದಲ್ಲಿ ನೋವಿನ ನಡುವೆಯೂ ಒಂದು ಹೆಮ್ಮೆ. ‘ನಾನೇ ಮನೆಮನೆಗೂ ಹೇಳ್ಸಿದ್ದೆ. ಓದಿದ್ ಮಕ್ಕಳು ಬರ್ತಾವೆ, ಬಚ್ಚಲು ಬಾನಿ ಎಲ್ಲಾ ನೋಡ್ತಾವಂತೆ, ಊರ್ ಮಾನ ಕಳೀಬೇಡ್ರವ್ವಾ ಅಂತ. ಜ್ವರದಾಗೇ ಎದ್ದು ಎಲ್ರೂ ನೀರ್ ಚೆಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ್ರು ಕಣೇ. ಕರಟ ಎಲ್ಲಾ ಬಾಚಿ ಒಲೆ ಮುಂದಕ್ಕೆ ಹಾಕುದ್ರು. ನಲ್ಲಿ ನೀರು ಬರೋದು ಯಾವಾಗ್ಲೋ, ಅಷ್ಟಾದ್ರೂ ಇದ್ದ ನೀರನ್ನೆಲ್ಲಾ ಚೆಲ್ಲಿದ್ವಿ. ಹಬ್ಬಕ್ಕೂ ಅಂಗ್ ತೊಳೆದಿರ್ನಿಲ್ಲ.’

ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸುಳ್ಳು ಹೇಳಿದವರು ಯಾರೂ ಇಲ್ಲ. ಸರ್ವೆಗೆ ಬಂದವರು ಕಂಡದ್ದನ್ನೇ ಬರೆದರು. ಊರಿನವರು ಬಂದವರಿಗೆ ಮರ್ಯಾದೆ ಮಾಡಿದರು. ಕುಣಿಗಲ್ ಕಡೆಯ ಆ ಊರಿನವರು ಮರ್ಯಾದೆ ಮಾಡಲಿಲ್ಲ, ಯಾಕೆಂದರೆ ನಾವು ಹೋಗುತ್ತೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅದಕ್ಕೇ ಅವರಿಗೆ ಡಾಕ್ಟರು ಸಿಕ್ಕಿದರು.

‘ಸಮಜಾಯಿಷಿಯಲ್ಲಿ ಇದನ್ನೇ ಬರಿ ದೊಡ್ಡಮ್ಮ. ಬರ್ತಾರೆ ಅಂತ ತೊಳೆದ್ವಿ, ಅದಕ್ಕೇ ಮರಿ ಸಿಗಲಿಲ್ಲ ಅಂತ. ಮುಗೀತು.’

‘ನಿನ್ ತಲೆ. ಅಂದ್ರೆ ಏನಾಯ್ತು? ಬೇರೆ ದಿನ ನಮ್ಮನೆಗಳಾಗೆ ಹುಳ ಬಿದ್ದಿರ್ತವೆ ಅಂದಂಗಾಯ್ತು. ಆ ಮಾತು ನಾನ್ ಬರ್ದು ಕೊಡ್ಲಾ? ಟೀಚರಮ್ಮನೇ ನಮ್ಮನ್ನ ಗಲೀಜು ಅಂತ ಬರ್ಕೊಟ್ಳು ಅನ್ನಲ್ವೇನೇ ಜನ?’

‘ನೀನು ಸುಳ್ಳಿ ಅಂತ ಆಗೋದಕ್ಕಿಂತ ಅದು ವಾಸಿ ಅಲ್ವಾ?’

‘ಸುಳ್ಳಿ ಅಂದ್ರೆ ನಾನೊಬ್ಳು. ಗಲೀಜು ಅಂದ್ರೆ ಊರೇ.’

ನಾನು ಎಷ್ಟೋ ಸಭೆಗಳಲ್ಲಿ ಗಂಟೆ ಹೊಡೆಯುವ ಮುಂಚೆ ಎದುರಾಳಿಯ ಬಾಯಿ ಮುಚ್ಚಿಸಿದವಳು. ಇಲ್ಲೂ ಬಿಡಲಿಲ್ಲ. ಸೊಳ್ಳೆ ಬರೋದು ಗಲೀಜು ನೀರಿಗಲ್ಲ, ನೀವು ಬಿಂದಿಗೆ ಹಿಡಿದು ತುಂಬಿಟ್ಟ ಒಳ್ಳೆಯ ನೀರಿಗೆ. ನಲ್ಲಿಯಲ್ಲಿ ದಿನಾ ನೀರು ಬಂದಿದ್ದರೆ ತುಂಬಿಡುವ ಪ್ರಮೇಯವೇ ಇರಲಿಲ್ಲ. ಇದರಲ್ಲಿ ನಾಚಿಕೆಪಡಬೇಕಾದವರು ನೀರು ಬಿಡದವರು ಅಂತ ಊಟದವರೆಗೂ ವಾದಿಸಿದೆ. ಮುದ್ದೆ ಮುರಿಯಲು ಅವಳ ಬೆರಳು ಬಗ್ಗುತ್ತಿರಲಿಲ್ಲ. ನಾನೇ ಮುರಿದು ಸಾರಿನಲ್ಲಿ ಅದ್ದಿ ಕೊಟ್ಟೆ. ಎರಡು ತುತ್ತು ನುಂಗಿ ಹೇಳಿದಳು.

‘ಬರ್ದು ಕೊಡೋದು ನನ್ ಕೈಲಿ ಆಗಕ್ಕಿಲ್ಲ. ನೀನು ಭಾಷಣದೋಳು. ಎಲ್ಲಾದ್ರೂ ದೊಡ್ಡೋರ್ ಮುಂದೆ ಹೇಳ್ತೀನಿ ಅಂದ್ರೆ ಹೇಳು ಬುಡು. ನೀರಿನ್ ಮಾತೂ ಸೇರ್ಸಿ ಹೇಳು. ಬರೀ ಹುಳದ್ ಮಾತೇ ಹೇಳ್ಬೇಡ.’

ಆ ‘ಎಲ್ಲಾದರೂ’ ಯಾವುದು ಅಂತ ನನಗೆ ಆಗಲೇ ಗೊತ್ತಿತ್ತು. ಕೆಲವೇ ವಾರಗಳಲ್ಲಿ ಸಮ್ಮೇಳನವಿತ್ತು. ನಮ್ಮ ಸರ್ವೆ ಬೇರೆ ಊರುಗಳ ಸರ್ವೆಗಳ ಜೊತೆ ಸೇರಿ ಅಲ್ಲಿ ಮಂಡನೆಯಾಗುವುದಿತ್ತು. ತುಮಕೂರಿನ ಸಭಾಂಗಣಕ್ಕೆ ಜಿಲ್ಲೆಯ ಆರೋಗ್ಯದ ಕಡೆಯ ಅಧಿಕಾರಿಯೊಬ್ಬರು ಬರುವವರಿದ್ದರು. ದೊಡ್ಡಮ್ಮನ ನೋಟಿಸಿಗೆ ಆಧಾರವಾದ ಕಾಗದ ಹಾದು ಹೋದದ್ದು ಅವರ ಕೈಯಿಂದಲೇ. ಅವರ ಎದುರಿಗೆ, ಮಂಡಿಸಿದವರ ಬಾಯಿಂದಲೇ, ‘ಹೌದು, ಇದನ್ನು ಮತ್ತೆ ನೋಡಬೇಕು’ ಅನ್ನಿಸಿದರೆ ಸಾಕಿತ್ತು.

ಸಾರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

‘ತೊಳೆದಿಟ್ಟಿದ್ರಾ? ಎಲ್ರೂ?’

‘ಎಲ್ರೂ ಸಾರ್. ನಾವು ಬರ್ತೀವಿ ಅಂತ.’

ಕನ್ನಡಕ ಮತ್ತೆ ಹಾಕಿಕೊಂಡರು. ‘ಪೇಪರ್ ಹೋಗಿಬಿಟ್ಟಿದೆಯಲ್ಲಮ್ಮ. ಈಗ ವಾಪಸ್ ತಗೊಂಡ್ರೆ ಮುಂದಿನ ಸಲ ನಮ್ಮನ್ನ ಯಾರು ಸೇರಿಸ್ಕೋತಾರೆ? ಈ ವಿಡಿಯೋ ಲೈನ್ ಹಾಕಿಸೋಕೆ ನಾನು ಎಷ್ಟು ಜನರ ಬಾಗಿಲು ಕಾದಿದೀನಿ ಗೊತ್ತಾ?’

‘ವಾಪಸ್ ಬೇಡ ಸಾರ್. ಪ್ರಶ್ನೆ ಕೇಳ್ತೀನಿ. ಮೊದಲೇ ತಿಳಿಸಿ ಹೋದ ಊರಿಗೂ ತಿಳಿಸದೆ ಹೋದ ಊರಿಗೂ ಏನು ವ್ಯತ್ಯಾಸ ಅಂತ ನೋಡಿದೀರಾ, ಆ ಊರಿನವರ ರಕ್ತವನ್ನ ಈಗಲಾದರೂ ಪರೀಕ್ಷೆ ಮಾಡ್ತೀರಾ ಅಂತ. ಈಗಲೂ ರಕ್ತದಲ್ಲಿ ಗುರುತು ಸಿಗುತ್ತೆ, ನೀವೇ ಪಾಠ ಮಾಡಿದೀರಿ.’

ಅವರ ಮುಖ ಬಿಚ್ಚಿಕೊಂಡಿತು. ‘ಅದು ಸರಿ. ಪ್ರಶ್ನೆ ಕೇಳೋಕೆ ತಾನೇ ವೇದಿಕೆ ಇರೋದು. ನಮ್ಮ ಸೆಂಟರ್‌ಗೆ ಒಂದು ಪ್ರಶ್ನೆ ಕೊಟ್ಟಿದಾರೆ. ಒಂದೇ. ಅದು ನಿನ್ನದು. ಮೈಕ್ ನಾನೇ ನಿನ್ನ ಕೈಗೆ ಕೊಡ್ತೀನಿ.’

ಅಷ್ಟು ಹೊತ್ತೂ ಅವರನ್ನು ಅನುಮಾನದಿಂದ ನೋಡುತ್ತಿದ್ದ ನಾನು, ಆ ಮಾತು ಕೇಳಿದ ಮೇಲೆ ಕೋಣೆಯಿಂದ ಕುಣಿಯುತ್ತಾ ಹೊರಬಂದೆ.

ಸಮ್ಮೇಳನದ ದಿನ, ಸಭಾಂಗಣವಾಗಿ ಮಾಡಿದ್ದ ಕಂಪ್ಯೂಟರ್ ಲ್ಯಾಬಿಗೆ ಮಾವಿನ ತೋರಣ ಕಟ್ಟಿದ್ದರು. ಕ್ಯಾಮೆರಾ ನೋಡುವ ಒಂದು ಗೋಡೆಗೆ ಮಾತ್ರ ಹೊಸ ಸುಣ್ಣ ಬಿದ್ದಿತ್ತು. ಮಿಕ್ಕ ಮೂರು ಗೋಡೆಗಳ ಜೇಡರ ಬಲೆ ಹಾಗೇ ಇತ್ತು. ಮುರಿದ ಕುರ್ಚಿಗಳನ್ನು ಕ್ಯಾಮೆರಾದ ಬೆನ್ನಿಗೆ ಒಟ್ಟಿದ್ದರು. ಹುಡುಗಿಯರು ಸೀರೆ ಉಡಬೇಕು, ಹುಡುಗರು ಟಕ್ ಮಾಡಬೇಕು, ಮುಂದಿನ ಸಾಲಿನಲ್ಲಿ ಆಕಳಿಸುವವರು ಕೂರಬಾರದು ಅಂತ ಸಾರ್ ಹಿಂದಿನ ದಿನವೇ ಹೇಳಿದ್ದರು. ದೊಡ್ಡಮ್ಮ ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು.

ಪರದೆಯ ಮೇಲೆ ಚೌಕ ಚೌಕವಾಗಿ ಊರುಗಳು. ದೊಡ್ಡ ಚೌಕದಲ್ಲಿ ಮಾತಾಡುವವರು, ಕೆಳಗೆ ಸಾಲಾಗಿ ಕೇಳುವವರು. ಬಲತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ನಾವು. ಮಾತು ಮೊದಲು ಬರುತ್ತಿತ್ತು, ತುಟಿ ಆಮೇಲೆ ಅಲ್ಲಾಡುತ್ತಿತ್ತು. ನಾನು ಕೈಯೆತ್ತಿ ಮುಂಗುರುಳು ಸರಿಮಾಡಿಕೊಂಡರೆ, ಆ ಪೊಟ್ಟಣದೊಳಗಿನ ನಾನು ತುಸು ತಡವಾಗಿ ಕೈಯೆತ್ತುತ್ತಿದ್ದೆ.

ನಮ್ಮ ಸರ್ವೆಯನ್ನು ಸೇರಿಸಿ ಮಂಡಿಸಿದವರು ದೂರದ ಊರಿನ ವಿಜ್ಞಾನಿ, ವಯಸ್ಸಾದ ಹೆಂಗಸು, ತಾಳ್ಮೆಯ ದನಿ. ಅವರ ಇಂಗ್ಲಿಷ್ ಮಾತಿನ ಸಾರ ಇಷ್ಟು: ಈ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜ್ವರದ ಸುದ್ದಿ ಬಹಳ ಬಂತು, ಆದರೆ ಸೊಳ್ಳೆಮರಿ ಒಂದೂ ಸಿಗಲಿಲ್ಲ, ತರಬೇತಿಯಿಲ್ಲದ ಸ್ಥಳೀಯ ಕಾರ್ಯಕರ್ತೆ ಹೆದರಿಕೆಯಿಂದ ಹೆಚ್ಚು ಮಾಡಿ ಹೇಳಿರುವುದಕ್ಕೆ ಇದು ಒಳ್ಳೆಯ ಉದಾಹರಣೆ, ಇದನ್ನು ಗುರುತಿಸಿದ ತುಮಕೂರು ತಂಡಕ್ಕೆ ಅಭಿನಂದನೆ. ಸಭಾಂಗಣದಲ್ಲಿ ಚಪ್ಪಾಳೆ. ಅಧಿಕಾರಿ ಸಾರ್ ಕಡೆ ತಿರುಗಿ ತಲೆದೂಗಿದರು. ನನ್ನ ಪಕ್ಕದಲ್ಲಿದ್ದ ಗೆಳತಿ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ನನ್ನ ಮುಖ ನೋಡಿ ಇಳಿಸಿದಳು.

‘ಹೇಳ್ಬಿಡೇ,’ ಅಂದಳು ಪಿಸುದನಿಯಲ್ಲಿ. ‘ಆ ನಿಪ್ಪಟ್ಟು ತಿಂದ ಪಾಪ ನಂಗೂ ಇದೆ.’

ಪ್ರಶ್ನೋತ್ತರ ಶುರುವಾಯಿತು. ಒಂದೊಂದೇ ಊರು ಎದ್ದು ಕೇಳಿತು. ಕೊನೆಗೆ ಪರದೆಯೊಳಗಿನಿಂದ ಕರೆ ಬಂತು: ‘ಟುಮ್ಕೂರ್ ಸೆಂಟರ್, ಯುವರ್ ಕ್ವೆಶ್ಚನ್ ಪ್ಲೀಸ್.’ ಮೈಕ್ ಸಾರ್ ಕೈಯಲ್ಲಿತ್ತು. ನಾನು ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ. ಕೈ ಚಾಚಿದೆ. ಅವರು ನನ್ನನ್ನು ನೋಡಿದರು. ಇದರಲ್ಲಿ ನನಗೆ ಅನುಮಾನವಿಲ್ಲ, ನನ್ನ ಕೈಯನ್ನೂ ನೋಡಿದರು. ಆಮೇಲೆ ಮೈಕನ್ನು ತಮ್ಮ ಬಾಯಿಯ ಹತ್ತಿರಕ್ಕೆ ತೆಗೆದುಕೊಂಡು ಹೋದರು.

ಮೇಡಂ, ನಿಮ್ಮ ಉಪನ್ಯಾಸ ನಮ್ಮ ಕಣ್ಣು ತೆರೆಸಿತು ಅಂದರು. ಅಧಿಕಾರಿಗಳಿಗೆ ವಂದಿಸಿದರು, ಆಡಳಿತ ಮಂಡಳಿಗೆ ವಂದಿಸಿದರು, ಕರೆಂಟು ಹೋಗದಂತೆ ನೋಡಿಕೊಂಡವರಿಗೂ ವಂದಿಸಿದರು. ಕೊನೆಗೆ ಪ್ರಶ್ನೆ: ‘ಮುಂದಿನ ಸಲ ಇಂಥ ಸಮ್ಮೇಳನವನ್ನು ನಮ್ಮ ತುಮಕೂರಿನಿಂದಲೇ ನಡೆಸಿಕೊಡಲು ನಮಗೆ ಅವಕಾಶ ಕೊಡುತ್ತೀರಾ?’

ತುಮಕೂರು ಕೇಂದ್ರ ಕೇಳಿದ ಪ್ರಶ್ನೆ ಅದು. ಪರದೆಯ ಮೇಲಿನ ಹೆಂಗಸು ನಕ್ಕು, ಯಾಕಾಗಬಾರದು ಅಂದರು. ಮತ್ತೆ ಚಪ್ಪಾಳೆ.

‘ಸಾರ್,’ ಅಂದೆ. ಅವರು ಮೈಕನ್ನು ಲ್ಯಾಬಿನವನಿಗೆ ಕೊಟ್ಟರು, ಅವನು ಆರಿಸಿದ. ನಾನು ಹಾಗೇ ಮಾತಾಡಿದೆ, ಮೈಕಿಲ್ಲದೆ. ಸಭೆಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುವುದು ನನಗೆ ಕಷ್ಟವಲ್ಲ. ಆ ಹಳ್ಳಿಯವರು ನಾವು ಬರ್ತೀವಿ ಅಂತ ನೀರು ಚೆಲ್ಲಿ ತೊಳೆದಿದ್ದರು, ಅಂತ ಶುರುಮಾಡಿದೆ. ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಸೀರೆ ಉಟ್ಟ ಹುಡುಗಿಯೊಬ್ಬಳು ತುಸು ತಡವಾಗಿ ಬಾಯಿ ತೆರೆದು ಮುಚ್ಚುತ್ತಿದ್ದಳು, ಸದ್ದಿಲ್ಲದೆ. ದೊಡ್ಡ ಚೌಕದಲ್ಲಿ ಆಗಲೇ ಬೇರೆ ಊರು ಬಂದಾಗಿತ್ತು. ನಮ್ಮ ಸಭಾಂಗಣದವರು ಮಾತ್ರ ನನ್ನ ಕಡೆ ತಿರುಗಿ, ಇವಳಿಗೇನಾಯಿತು ಅನ್ನುವ ಹಾಗೆ ನೋಡಿದರು. ‘ಕೂತ್ಕೋಮ್ಮಾ, ರೆಕಾರ್ಡ್ ಆಗ್ತಾ ಇದೆ,’ ಅಂದರು ಯಾರೋ.

ಕಾಫಿಯ ಹೊತ್ತಿನಲ್ಲಿ ಅಧಿಕಾರಿಯನ್ನು ಹಿಡಿದೆ. ಉಪ್ಪಿಟ್ಟಿನ ತಟ್ಟೆ ಹಿಡಿದೇ ಪೂರ್ತಿ ಕೇಳಿಸಿಕೊಂಡರು, ಅಷ್ಟರಮಟ್ಟಿಗೆ ಒಳ್ಳೆಯವರು.

‘ನೀನು ಹೇಳೋದು ಇರಬಹುದಮ್ಮ. ಆದ್ರೆ ನೋಡು, ಅಷ್ಟು ದೊಡ್ಡೋರು ಒಪ್ಪಿ ಮಾತಾಡಿದಾರೆ. ನಾನು ಏನ್ ಆಧಾರದ ಮೇಲೆ ಬೇರೆ ಬರೀಲಿ? ನಿಮ್ ಸಾರ್ ಹತ್ರ ಒಂದು ಲೆಟರ್ ತಗೊಂಬಾ. ಸರ್ವೆ ತಪ್ಪಾಗಿದೆ ಅಂತ. ನೋಟಿಸ್ ವಾಪಸ್ ತಗೋಳೋಕೆ ಹೇಳ್ತೀನಿ.’

ಸಾರ್ ಹಾರಗಳ ನಡುವೆ ನಿಂತಿದ್ದರು. ‘ಟೈಮ್ ಇರಲಿಲ್ಲಮ್ಮ. ವಂದನೆ ಹೇಳದೆ ಹೇಗೆ ಬಿಡೋದು? ಮೇಡಂಗೆ ನೀನೇ ಒಂದು ಇಮೇಲ್ ಮಾಡು. ಅಡ್ರೆಸ್ ಕೊಡ್ತೀನಿ.’

ಲೆಟರ್ ಕೊಡಿ ಅಂದೆ. ನೋಡೋಣ ಅಂದರು. ಆಮೇಲೆ ಎಷ್ಟು ಸಲ ಆ ಕೋಣೆಗೆ ಹೋದರೂ ಅವರು ಹೇಳಿದ್ದು ನೋಡೋಣ ಅಂತಲೇ. ಇಮೇಲ್ ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು ನೀರಿನ ಮಾತನ್ನೂ ಸೇರಿಸಿ ಬರೆದೆ, ದೊಡ್ಡಮ್ಮ ಹೇಳಿದ್ದಳಲ್ಲ. ಉತ್ತರ ಬಂತು, ಬರಲಿಲ್ಲ ಅನ್ನುವ ಹಾಗಿಲ್ಲ: ನಿಮ್ಮ ಆಸಕ್ತಿಗೆ ಧನ್ಯವಾದ, ದಯವಿಟ್ಟು ನಿಮ್ಮ ಕೇಂದ್ರದ ಸಂಯೋಜಕರ ಮೂಲಕ ಬನ್ನಿ. ಸಂಯೋಜಕರು ಅಂದರೆ ಸಾರ್.

ದೊಡ್ಡಮ್ಮ ಕಾಯಲಿಲ್ಲ. ಇಲ್ಲದ ರೋಗವನ್ನು ಇದೆ ಅಂತ ತಿಳಿದು ತಪ್ಪು ವರದಿ ಕೊಟ್ಟೆ, ಕ್ಷಮಿಸಬೇಕು ಅಂತ ಯಾರೋ ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿದಳು. ಬೆರಳು ಪೆನ್ನು ಹಿಡಿಯದೆ, ಅಂಗೈ ಮಡಿಚಿ ಮುಷ್ಟಿಯಲ್ಲಿ ಹಿಡಿದು ಸಹಿ ಮಾಡಿದಳಂತೆ. ಚಿಕುನ್‌ಗುನ್ಯಾ ಹಿಡಿದ ಕೈ, ಊರಲ್ಲಿ ಚಿಕುನ್‌ಗುನ್ಯಾ ಇರಲಿಲ್ಲ ಅಂತ ಬರೆದುಕೊಟ್ಟಿತು. ಅಷ್ಟಾದರೂ ಕೆಲಸ ಉಳಿಯಲಿಲ್ಲ. ತಪ್ಪು ಒಪ್ಪಿಕೊಂಡ ಮೇಲೆ ಬಿಡಿಸುವುದು ಇನ್ನೂ ಸಲೀಸಾಯಿತು. ಹೊಸ ಟೀಚರು ಬಂದರು.

‘ಆಯ್ತಲ್ಲ ಬುಡೇ,’ ಅಂದಳು ನಾನು ಹೋದಾಗ. ‘ಊರ್ ಮಾನ ಉಳೀತು.’ ಆಮೇಲೆ, ಒಳಗಿನವರಿಗೆ ಕೇಳಿಸದ ಹಾಗೆ, ‘ದೊಡ್ಡೋರ್ ಮುಂದೆ ಹೇಳ್ತೀನಿ ಅಂದಿದ್ಯಲ್ಲ, ಏನಂದ್ರೇ ಅವ್ರು?’ ಅಂತ ಕೇಳಿದಳು. ಅವರಿಗೆ ಕೇಳಿಸಲಿಲ್ಲ ಅಂದೆ. ಹೂಂ ಅಂದಳು. ಅಂಗನವಾಡಿ ದಾರಿಯಲ್ಲಿ ಅವಳು ಈಗಲೂ ಓಡಾಡುವುದಿಲ್ಲ, ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಾಳೆ. ಕಾಲು ಅಷ್ಟು ನೋಯುವವಳು.

ನಾನೀಗ ಹಿರೇಹಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಬಾಟಲಿಗೆ ತುಂಬುವ ಮುಂಚೆ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಸ್ಯಾಂಪಲ್ ತೆಗೆಯಲು ಹೋಗುವಾಗ ಯಾರಿಗೂ ಹೇಳಿ ಹೋಗುವುದಿಲ್ಲ. ಅದಕ್ಕೆ ಅಲ್ಲಿಯವರು ನನಗೆ ಇಟ್ಟಿರುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಮೊನ್ನೆ ಸಾರ್ ಫೋನು ಮಾಡಿ ಕಾಲೇಜಿಗೆ ಕರೆದರು. ನಿವೃತ್ತಿ ಹತ್ತಿರ ಬಂದಿದೆ, ವಿಭಾಗದ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹೋದೆ. ಅದೇ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದರು. ತಲೆ ಪೂರ್ತಿ ಬೆಳ್ಳಗಾಗಿದೆ.

‘ಆ ಆನ್‌ಲೈನ್ ಕಾನ್ಫರೆನ್ಸ್ ಬಗ್ಗೆ ನೀನೇ ಬರೀಬೇಕಮ್ಮ. ನಮ್ಮ ಕಾಲೇಜಿನ ಚರಿತ್ರೇಲಿ ಅದೊಂದು ದೊಡ್ಡ ದಿನ. ಬೇಕಾದ್ರೆ ನಮ್ಮ ಸೆಂಟರ್ ಪ್ರಶ್ನೆ ನೀನೇ ಕೇಳಿದ್ದು ಅಂತ ಬರಿ. ವಿದ್ಯಾರ್ಥಿನಿ ಕೇಳಿದ್ಲು ಅಂದ್ರೆ ಇನ್ನೂ ಚೆನ್ನಾಗಿರುತ್ತೆ.’

ಅದನ್ನು ಹೇಳುವಾಗ ಅವರ ಮುಖದಲ್ಲಿ ಮೋಸ ಇರಲಿಲ್ಲ, ನಿಜವಾಗಿಯೂ ಏನನ್ನೋ ಉಡುಗೊರೆ ಕೊಡುವ ಹಾಗೆ ಕೊಟ್ಟರು. ಅದನ್ನು ಕಂಡೇ ನನಗೆ, ಇಷ್ಟು ವರ್ಷ ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ಇಟ್ಟುಕೊಂಡಿದ್ದ ವಾದಗಳೆಲ್ಲ ಬೇಡವೆನಿಸಿದವು. ಲೆಟರ್ ಯಾಕೆ ಕೊಡಲಿಲ್ಲ ಅಂತ ಕೇಳಲಿಲ್ಲ. ಅದರ ಉತ್ತರ ನನಗೆ ಗೊತ್ತು. ಗೊತ್ತಿಲ್ಲದ್ದು ಒಂದೇ ಇತ್ತು. ಕಾಫಿ ಲೋಟವನ್ನು ಮುಟ್ಟದೆ ಹಾಗೇ ಟೇಬಲ್ಲಿನ ಮೇಲಿಟ್ಟು ಕೇಳಿದೆ.

‘ಸಾರ್, ಮೈಕ್ ನಿನ್ನ ಕೈಗೆ ಕೊಡ್ತೀನಿ ಅಂತ ನನಗೆ ಈ ಕೋಣೆಯಲ್ಲಿ ಹೇಳಿದಾಗಲೇ ಕೊಡೋದಿಲ್ಲ ಅಂತ ನಿಮಗೆ ಗೊತ್ತಿತ್ತಾ, ಇಲ್ಲಾ, ನಾನು ಕೈ ಚಾಚಿ ನಿಂತ ಮೇಲೆ ತೀರ್ಮಾನ ಮಾಡಿದ್ರಾ?’